ಮದ್ದಿಗೆ ಪರ್ಯಾಯಪದವಿಲ್ಲ: ಹಂದಿಮರಿಯ ತಿನಿಸು, ರೋಗತಡೆ ಮತ್ತು ಕನ್ನಡದ ಹೊಣೆ

(ಶಾಸ್ತ್ರಸಾಹಿತ್ಯ ಮತ್ತು ಅನುವಾದ ಅಧ್ಯಯನಕ್ಕೆ ಪೂರಕ ಪಾಠ)

ಪೀಠಿಕೆ

‘ಪರ್ಯಾಯ’ ಎಂಬ ಶಬ್ದವನ್ನು ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಮೊದಲು ಕಾಣುವುದು ನಿಘಂಟಿನಲ್ಲಿ. ನೀರಿಗೆ ಜಲ, ಮನೆಗೆ ಗೃಹ: ಒಂದು ಪದವನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೂ ವಾಕ್ಯ ಅಲುಗುವುದಿಲ್ಲ. ಆದ್ದರಿಂದ ಅವು ಪರ್ಯಾಯಪದಗಳು. ಇದೇ ಶಬ್ದ ಈಗ ಪಶುಪಾಲನೆಯ ಬರಹಗಳಲ್ಲಿ ‘ಪ್ರತಿಜೈವಿಕಗಳಿಗೆ ಪರ್ಯಾಯ’ ಎಂಬ ರೂಪದಲ್ಲಿ ಪದೇ ಪದೇ ಬರುತ್ತಿದೆ. ಹಂದಿಮರಿಗಳಿಗೆ ರೋಗ ಬರದಂತೆ ತಿನಿಸಿನಲ್ಲಿ ಬೆರೆಸುತ್ತಿದ್ದ ಆ್ಯಂಟಿಬಯಾಟಿಕ್ ಮದ್ದನ್ನು ಬಿಟ್ಟು, ಅದರ ಬದಲಿಗೆ ತಿನಿಸಿನಿಂದಲೇ ಮರಿಯನ್ನು ಕಾಯುವುದು ಹೇಗೆ ಎಂಬುದು ಆ ಬರಹಗಳ ವಿಷಯ.

ಇಲ್ಲಿ ‘ಪರ್ಯಾಯ’ವನ್ನು ನಿಘಂಟಿನ ಅರ್ಥದಲ್ಲಿ ತೆಗೆದುಕೊಂಡವನು ಎಡವುತ್ತಾನೆ. ಒಂದು ಪುಡಿಯನ್ನು ತೆಗೆದು ಇನ್ನೊಂದು ಪುಡಿಯನ್ನು ಹಾಕಿದ ಮಾತ್ರಕ್ಕೆ ಮರಿ ಉಳಿಯುವುದಿಲ್ಲ. ಎರಡು ಭಾಷೆ ಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಭಾಷೆಯ ವಾಕ್ಯವನ್ನು ಇನ್ನೊಂದಕ್ಕೆ ತರುವಾಗ ಪದಕ್ಕೆ ಪದ ಇಟ್ಟರೆ ವಾಕ್ಯ ಕೆಡುತ್ತದೆ. ವಾಕ್ಯವನ್ನೇ ಮತ್ತೆ ಕಟ್ಟಬೇಕಾಗುತ್ತದೆ. ಮದ್ದನ್ನು ಬಿಡುವ ವಿಷಯವೂ ಹಾಗೆಯೇ. ಹಾಲು ಬಿಡಿಸುವ ವಯಸ್ಸು, ಗೂಡಿನ ಶುಚಿ, ತಿನಿಸಿನ ಪಾಕ, ಲಸಿಕೆ ಇವೆಲ್ಲವನ್ನೂ ಒಟ್ಟಿಗೆ ತಿದ್ದಬೇಕು. ಈ ಮಾತನ್ನು ವಿವರಿಸುವುದು ಪ್ರಸ್ತುತ ಪಾಠದ ಉದ್ದೇಶ.

ನೆಲ ಮತ್ತು ನುಡಿ

ಮಡಕಶಿರವು ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು, 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಈ ಸೀಮೆಯದೇ. ರಾಯದುರ್ಗವು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರದಲ್ಲಿ ಉಳಿಯಿತು. ಎರಡೂ ಕಡೆ ಕನ್ನಡ ಮನೆಮಾತಾಗಿರುವ ಊರುಗಳಿವೆ. ಕಚೇರಿಯ ಭಾಷೆ ತೆಲುಗು. ಔಷಧದ ಚೀಟಿಯ ಭಾಷೆ ಇಂಗ್ಲಿಷ್. ದನಕರು, ಕುರಿ, ಹಂದಿ ಸಾಕುವವನಿಗೆ ಬೇಕಾದ ತಿಳಿವಳಿಕೆ ಈ ಮೂರು ಭಾಷೆಗಳ ನಡುವೆ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ.

ಹಂದಿ ಎಂಬ ಶಬ್ದವೇ ಈ ನೆರೆಹೊರೆಯನ್ನು ನೆನಪಿಸುತ್ತದೆ. ಹಳಗನ್ನಡದಲ್ಲಿ ಅದು ‘ಪಂದಿ’. ಪಾಲು ಹಾಲಾದಂತೆ, ಪುಲ್ಲು ಹುಲ್ಲಾದಂತೆ ಪಂದಿ ಹಂದಿಯಾಯಿತು. ತೆಲುಗಿನಲ್ಲಿ ಅದು ಇಂದಿಗೂ ‘ಪಂದಿ’ಯೇ, ತಮಿಳಿನಲ್ಲಿ ‘ಪನ್ಱಿ’. ಮರಾಠಿಯ ‘ಡುಕ್ಕರ’ ಮಾತ್ರ ಬೇರೆ ಮೂಲದ್ದು. 949-50ರ ಆತಕೂರು ಶಾಸನವನ್ನು ಓದಿದ ವಿದ್ಯಾರ್ಥಿಗಳು ಅಲ್ಲಿ ಹಂದಿಯನ್ನು ಕಂಡಿರುತ್ತಾರೆ. ಬೂತುಗನಿಂದ ಮಣಲೇರನು ಬೇಡಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತ ಪ್ರಸಂಗ ಅದು. ಕಲ್ಲು ನಿಂತದ್ದು ನಾಯಿಯ ನೆನಪಿಗೆ. ಶಾಸ್ತ್ರಸಾಹಿತ್ಯದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ವಿದೆ, ಕುದುರೆಗಳನ್ನು ಕುರಿತ ಗ್ರಂಥಗಳಿವೆ. ಹಸುವಿಗೂ ಕುದುರೆಗೂ ದೊರೆತ ಆ ಗೌರವ ಹಂದಿಗೆ ದೊರೆಯಲಿಲ್ಲ. ಅದನ್ನು ಸಾಕಿದ ಜನರಿಗೂ ದೊರೆಯಲಿಲ್ಲ. ಕೊರಮ, ಕೊರಚ, ಹಂದಿಜೋಗಿ ಎಂದು ಕನ್ನಡನಾಡಿನಲ್ಲಿ, ಎರುಕಲ ಎಂದು ತೆಲುಗುನಾಡಿನಲ್ಲಿ ಕರೆಯಲಾಗುವ ಸಮುದಾಯಗಳ ಅನುಭವಜ್ಞಾನ ಬಾಯಿಂದ ಬಾಯಿಗೆ ಬಂದಿದೆಯೇ ಹೊರತು ಓಲೆಗೇರಿದ್ದು ಕಡಿಮೆ.

ಹಾಲು ಬಿಡುವ ವಾರ

ಮರಿಯ ಬಾಳಿನಲ್ಲಿ ಅಪಾಯದ ಗಳಿಗೆಗಳು ಎರಡು. ಮೊದಲನೆಯದು ಹುಟ್ಟಿದ ದಿನ. ಮನುಷ್ಯರ ಶಿಶುವಿಗೆ ತಾಯಿಯ ಗರ್ಭದಲ್ಲಿಯೇ ರೋಗನಿರೋಧಕ ಪ್ರತಿಕಾಯಗಳು ದೊರೆಯುತ್ತವೆ. ಹಂದಿಮರಿಗೆ ಆ ಭಾಗ್ಯವಿಲ್ಲ; ಅದು ಹೆಚ್ಚುಕಡಿಮೆ ಬರಿಗೈಯಲ್ಲಿ ಹುಟ್ಟುತ್ತದೆ. ಅದರ ರಕ್ಷಣೆಯೆಲ್ಲ ಗಿಣ್ಣುಹಾಲಿನಲ್ಲಿದೆ. ಅದನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದು ಸುಮಾರು ಒಂದು ದಿನ ಮಾತ್ರ. ಆ ಬಾಗಿಲು ಮುಚ್ಚುವ ಮೊದಲು ಮರಿ ಮೊಲೆ ಹಿಡಿಯಬೇಕು. ಹತ್ತು ಹನ್ನೆರಡು ಮರಿಗಳ ಸೂಲಿನಲ್ಲಿ ಬಡಕಲು ಮರಿಗಳು ಹಿಂದೆ ಉಳಿಯುತ್ತವೆ. ಅವನ್ನು ಎತ್ತಿ ಮೊಲೆಗೆ ಹಿಡಿಸುವ ಕೈ ಯಾವ ಔಷಧಕ್ಕೂ ಕಡಿಮೆಯದಲ್ಲ.

ಎರಡನೆಯದು ಹಾಲು ಬಿಡುವ ವಾರ. ಕಾಡಿನಲ್ಲಿ ಹಂದಿಮರಿ ತಾಯಿಯ ಹಾಲನ್ನು ಮೂರು ನಾಲ್ಕು ತಿಂಗಳಲ್ಲಿ ನಿಧಾನವಾಗಿ ಬಿಡುತ್ತದೆ. ಸಾಕಣೆ ಕೇಂದ್ರಗಳಲ್ಲಿ ಮೂರು ನಾಲ್ಕು ವಾರಕ್ಕೇ ಒಂದೇ ದಿನದಲ್ಲಿ ಬಿಡಿಸುತ್ತಾರೆ. ಅಂದು ಮರಿಯ ಪಾಲಿಗೆ ತಾಯಿ ಇಲ್ಲ, ಜಾಗ ಹೊಸದು, ಜೊತೆಯ ಮರಿಗಳು ಹೊಸವು, ತಿನಿಸು ಹೊಸದು. ಗಾಬರಿಗೊಂಡ ಮರಿ ಒಂದೆರಡು ದಿನ ಏನನ್ನೂ ಸರಿಯಾಗಿ ತಿನ್ನುವುದಿಲ್ಲ. ಆಮೇಲೆ ಹಸಿವು ತಾಳದೆ ಒಮ್ಮೆಗೇ ನುಂಗುತ್ತದೆ. ಉಪವಾಸದಿಂದ ಸಣ್ಣ ಕರುಳಿನ ಒಳಗೋಡೆಯ ಬೆರಳಿನಂಥ ಚಾಚುಗಳು ಕುಗ್ಗಿರುತ್ತವೆ. ತಿಂದದ್ದು ಪೂರ್ತಿ ಜೀರ್ಣವಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಎಳೆಯ ಮರಿಯ ಜಠರದಲ್ಲಿ ಆಮ್ಲ ಕಡಿಮೆ. ಹಾಲು ಕುಡಿಯುವವರೆಗೆ ಆ ಕೊರತೆ ಕಾಣುವುದಿಲ್ಲ. ಹಾಲಿನ ಸಕ್ಕರೆಯನ್ನು ಲ್ಯಾಕ್ಟೊಬ್ಯಾಸಿಲಸ್ ಎಂಬ ಸ್ನೇಹಿ ಸೂಕ್ಷ್ಮಜೀವಿಗಳು ಹುಳಿಯಾಗಿಸಿ ಹೊಟ್ಟೆಯನ್ನು ಕಾಯುತ್ತವೆ. ಹಾಲು ನಿಂತೊಡನೆ ಆ ಹುಳಿಯೂ ನಿಲ್ಲುತ್ತದೆ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲವು ದುಷ್ಟ ಬಗೆಗಳು ಇಂಥ ಸಮಯವನ್ನೇ ಕಾಯುತ್ತಿರುತ್ತವೆ. ಕರುಳಿನ ಗೋಡೆಗೆ ಅಂಟಿಕೊಂಡು ಅವು ನಂಜನ್ನು ಸುರಿಸುತ್ತವೆ. ಮೈಯ ನೀರು ಕರುಳಿಗೆ ಹರಿದು ಭೇದಿಯಾಗುತ್ತದೆ. ಎಳೆಯ ಮರಿ ಒಣಗಿ ಸಾಯಲು ಹೆಚ್ಚು ಹೊತ್ತು ಬೇಡ.

ತಿನಿಸಿನಲ್ಲಿ ಸೇರಿದ ಮದ್ದು

1940ರ ದಶಕದ ಕೊನೆಯಲ್ಲಿ ಅಮೆರಿಕದ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಕೋಳಿಮರಿಗಳ ಆಹಾರದಲ್ಲಿ ಬಿ-12 ಜೀವಸತ್ವದ ಮೂಲವನ್ನು ಹುಡುಕುತ್ತಿದ್ದರು. ಆರಿಯೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ತಯಾರಿಸಿದ ಮೇಲೆ ಉಳಿಯುವ ಚರಟವನ್ನು ತಿನ್ನಿಸಿದಾಗ ಮರಿಗಳು ನಿರೀಕ್ಷೆಗಿಂತ ಬೇಗ ಬೆಳೆದವು. ಚರಟದಲ್ಲಿ ಉಳಿದಿದ್ದ ಮದ್ದಿನ ಅಂಶವೇ ಅದಕ್ಕೆ ಕಾರಣವೆಂದು ಗೊತ್ತಾಯಿತು. ಅಲ್ಲಿಂದ ಮುಂದೆ ರೋಗವಿಲ್ಲದ ಪ್ರಾಣಿಗೂ ದಿನದಿನವೂ ಸ್ವಲ್ಪ ಸ್ವಲ್ಪ ಮದ್ದನ್ನು ತಿನ್ನಿಸುವ ಪದ್ಧತಿ ಹಬ್ಬಿತು. ಹಾಲು ಬಿಟ್ಟ ಹಂದಿಮರಿಯ ಭೇದಿಗೆ ಅದು ಸುಲಭದ ತಡೆಯಾಗಿ ಕಂಡಿತು.

ಬೆಲೆ ತೆರಬೇಕಾದದ್ದು ನಂತರ. ಅಲ್ಪ ಪ್ರಮಾಣದ ಮದ್ದಿನಲ್ಲಿ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಮದ್ದಿಗೆ ಬಗ್ಗದವು ಉಳಿದು ಬೆಳೆಯುತ್ತವೆ. ಆ ಬಗ್ಗದಿರುವ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಗೂಡಿನಿಂದ ಗೊಬ್ಬರಕ್ಕೆ, ನೀರಿಗೆ, ಮನುಷ್ಯನಿಗೆ ಬರಬಲ್ಲದು. ಕೊಲಿಸ್ಟಿನ್ ಇದಕ್ಕೆ ತಕ್ಕ ಉದಾಹರಣೆ. ಬೇರೆ ಮದ್ದುಗಳು ಸೋತಾಗ ಆಸ್ಪತ್ರೆಗಳಲ್ಲಿ ಕೊನೆಯ ಆಸರೆಯಾಗಿ ಬಳಸುವ ಔಷಧವಿದು. ಇದಕ್ಕೆ ಬಗ್ಗದ, ಸುಲಭವಾಗಿ ದಾಟಬಲ್ಲ ಗುಣಾಣುವೊಂದು ಚೀನಾದ ಹಂದಿಗಳಲ್ಲೂ ಮಾಂಸದಲ್ಲೂ ರೋಗಿಗಳಲ್ಲೂ ಕಂಡುಬಂದ ಸುದ್ದಿ 2015ರಲ್ಲಿ ಪ್ರಕಟವಾಯಿತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಬೆಳವಣಿಗೆಗಾಗಿ ಮದ್ದು ತಿನ್ನಿಸುವುದನ್ನು ಸ್ವೀಡನ್ 1986ರಲ್ಲಿಯೇ ನಿಲ್ಲಿಸಿತ್ತು. ಡೆನ್ಮಾರ್ಕ್ 1990ರ ದಶಕದ ಕೊನೆಯಲ್ಲಿ ನಿಲ್ಲಿಸಿತು. 2006ರ ಜನವರಿ 1ರಿಂದ ಐರೋಪ್ಯ ಒಕ್ಕೂಟವಿಡೀ ನಿಲ್ಲಿಸಿತು. ಡೆನ್ಮಾರ್ಕಿನ ಅನುಭವ ಪಾಠ ಹೇಳುವಂಥದ್ದು. ಮಾಂಸಕ್ಕೆ ಬೆಳೆಸುವ ದೊಡ್ಡ ಹಂದಿಗಳಲ್ಲಿ ಹೆಚ್ಚಿನ ತೊಂದರೆಯಾಗಲಿಲ್ಲ. ಹಾಲು ಬಿಟ್ಟ ಮರಿಗಳಲ್ಲಿ ಭೇದಿ ಹೆಚ್ಚಿತು. ಚಿಕಿತ್ಸೆಗೆಂದು ಬರೆಯುವ ಮದ್ದು ಕೆಲಕಾಲ ಏರಿತು. ಆದರೂ ಒಟ್ಟು ಬಳಕೆ ಹಿಂದಿನ ಮಟ್ಟಕ್ಕಿಂತ ಕೆಳಗೇ ಉಳಿಯಿತು. ಮದ್ದನ್ನು ಬಿಡುವುದು ಸಾಧ್ಯ, ಆದರೆ ಬರಿದೇ ಬಿಟ್ಟರೆ ಅದರ ಪೆಟ್ಟು ಎಳೆಯ ಮರಿಯ ಮೇಲೆ ಬೀಳುತ್ತದೆ ಎಂಬುದು ಅಲ್ಲಿಂದ ತಿಳಿಯಿತು.

ತಿನಿಸಿನ ದಾರಿಗಳು

ಮರಿಯ ಕರುಳಿನಲ್ಲಿ ಯಾವ ಯಾವ ಕೊರತೆ ಉಂಟಾಗುತ್ತದೆ ಎಂಬುದನ್ನು ಬಲ್ಲವನಿಗೆ ತಿನಿಸಿನ ದಾರಿಗಳು ಅರ್ಥವಾಗುತ್ತವೆ. ಒಂದೊಂದು ದಾರಿಯೂ ಒಂದೊಂದು ಕೊರತೆಗೆ ಉತ್ತರ.

ಒಂದು, ಆಮ್ಲಗಳು. ಹಾಲು ನಿಂತಾಗ ಹೊಟ್ಟೆ ಕಳೆದುಕೊಳ್ಳುವ ಹುಳಿಯನ್ನು ಹೊರಗಿನಿಂದ ಕೊಡುವುದು ಇದರ ತತ್ತ್ವ. ಫಾರ್ಮಿಕ್, ಲ್ಯಾಕ್ಟಿಕ್, ಸಿಟ್ರಿಕ್, ಫ್ಯೂಮರಿಕ್, ಬೆಂಜೊಯಿಕ್ ಆಮ್ಲಗಳನ್ನು ತಿನಿಸಿನಲ್ಲಿ ಶೇಕಡಾ ಅರ್ಧದಿಂದ ಒಂದರ ಆಸುಪಾಸಿನಲ್ಲಿ ಬೆರೆಸುತ್ತಾರೆ. ಪರ್ಯಾಯಗಳ ಪೈಕಿ ಹೆಚ್ಚು ಪರೀಕ್ಷೆಗೆ ಒಳಗಾದವುಗಳಲ್ಲಿ ಇವು ಸೇರಿವೆ.

ಎರಡು, ಹುದುಗಿಸಿದ ತಿನಿಸು. ಹಿಟ್ಟು ಮತ್ತು ನೀರನ್ನು ಕಲಸಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬೆಳೆಯುವಂತೆ ಇಟ್ಟರೆ ಅದು ಹುಳಿಯಾಗುತ್ತದೆ. ಕೇಡು ಮಾಡುವ ಬ್ಯಾಕ್ಟೀರಿಯಾಗಳು ಆ ಹುಳಿಯಲ್ಲಿ ಬಾಳುವುದು ಕಷ್ಟ. ರಾಗಿ ಅಂಬಲಿಯನ್ನೂ ದೋಸೆಯ ಹಿಟ್ಟನ್ನೂ ಬಲ್ಲ ಮನೆಗಳಿಗೆ ಈ ತತ್ತ್ವ ಹೊಸದಲ್ಲ. ಆದರೆ ಪಾತ್ರೆ ಕೊಳೆಯಾಗಿದ್ದರೆ ಹುದುಗುವ ಬದಲು ಕೊಳೆಯುತ್ತದೆ. ಹುದುಗುವುದಕ್ಕೂ ಕೊಳೆಯುವುದಕ್ಕೂ ಇರುವ ಅಂತರವೇ ಇಲ್ಲಿ ಲಾಭಕ್ಕೂ ನಷ್ಟಕ್ಕೂ ಇರುವ ಅಂತರ.

ಮೂರು, ಸ್ನೇಹಿ ಸೂಕ್ಷ್ಮಜೀವಿಗಳು ಮತ್ತು ಅವುಗಳ ಆಹಾರ. ಲ್ಯಾಕ್ಟೊಬ್ಯಾಸಿಲಸ್, ಬ್ಯಾಸಿಲಸ್, ಯೀಸ್ಟ್ ಮುಂತಾದ ಬದುಕಿರುವ ಜೀವಿಗಳನ್ನೇ ಕೊಟ್ಟರೆ ಪ್ರೋಬಯಾಟಿಕ್. ಅವು ತಿಂದು ಬೆಳೆಯುವ ನಾರಿನಂಶವನ್ನು ಕೊಟ್ಟರೆ ಪ್ರೀಬಯಾಟಿಕ್. ಜಾಗವನ್ನು ಮಿತ್ರರು ತುಂಬಿದರೆ ಶತ್ರುವಿಗೆ ನೆಲೆ ಸಿಗದು. ಫಲಿತಾಂಶ ಮಾತ್ರ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ.

ನಾಲ್ಕು, ಸಾರಜನಕಾಂಶದ ಮಿತಿ. ಬೇಗ ಬೆಳೆಯಲೆಂದು ಪ್ರೋಟೀನ್ ಹೆಚ್ಚಿಸಿದರೆ ಜೀರ್ಣವಾಗದ ಭಾಗ ಕರುಳಿನಲ್ಲಿ ಕೊಳೆತು ರೋಗಾಣುವಿಗೆ ಊಟವಾಗುತ್ತದೆ. ಆದ್ದರಿಂದ ಹಾಲು ಬಿಟ್ಟ ಮೊದಲ ವಾರಗಳಲ್ಲಿ ಪ್ರೋಟೀನನ್ನು ಶೇಕಡಾ 18ರ ಸುತ್ತಮುತ್ತ ಇಳಿಸಿ, ಲೈಸಿನ್‌ನಂಥ ಅಗತ್ಯ ಅಮೈನೊ ಆಮ್ಲಗಳನ್ನು ಪ್ರತ್ಯೇಕವಾಗಿ ಸೇರಿಸುತ್ತಾರೆ. ಇಲ್ಲಿ ಪರ್ಯಾಯವೆಂದರೆ ಹೊಸದೇನನ್ನೋ ಬೆರೆಸುವುದಲ್ಲ, ಇದ್ದುದನ್ನು ಕಡಿಮೆ ಮಾಡುವುದು.

ಐದು, ಸಸ್ಯಮೂಲಗಳು. ಬೆಳ್ಳುಳ್ಳಿ, ಅರಿಶಿನ, ಓಮ ಇವುಗಳ ಹೆಸರು ಈ ಚರ್ಚೆಯಲ್ಲಿ ಬರುತ್ತದೆ. ಓಮದ ಎಣ್ಣೆಯಲ್ಲಿರುವ ಥೈಮಾಲ್ ಬ್ಯಾಕ್ಟೀರಿಯಾಗಳನ್ನು ತಡೆಯಬಲ್ಲದು. ಆದರೆ ಬೆಳೆದ ನೆಲ, ಕೊಯ್ದ ಕಾಲ, ಒಣಗಿಸಿದ ಬಗೆ ಇವಕ್ಕೆ ತಕ್ಕಂತೆ ಸತ್ವ ಬದಲಾಗುತ್ತದೆ. ಅಳತೆ ಹೇಳುವುದು ಕಠಿಣ. ಅಜ್ಜಿಯ ಮದ್ದೆಂಬ ಪ್ರೀತಿಯಿಂದ ಇದನ್ನು ಉಳಿದವುಗಳಿಗಿಂತ ಮೇಲೆ ಕೂರಿಸುವುದು ತರವಲ್ಲ.

ಎಚ್ಚರಿಕೆಗಾಗಿ ಸತುವಿನ ಕಥೆಯನ್ನೂ ತಿಳಿಯಬೇಕು. ಒಂದು ಕಿಲೊ ತಿನಿಸಿಗೆ ಎರಡೂವರೆ ಗ್ರಾಂ ಆಸುಪಾಸಿನ ಸತುವಿನ ಆಕ್ಸೈಡ್ ಬೆರೆಸಿದರೆ ಮರಿಯ ಭೇದಿ ಗಣನೀಯವಾಗಿ ತಗ್ಗುತ್ತದೆ. ಯುರೋಪು ಇದನ್ನು ವರ್ಷಗಟ್ಟಲೆ ಬಳಸಿತು. ಆದರೆ ಮರಿ ಹೀರದ ಸತು ಗೊಬ್ಬರದೊಡನೆ ಹೊಲಕ್ಕೆ ಹೋಗಿ ಮಣ್ಣಿನಲ್ಲಿ ಕೂಡುತ್ತದೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಅದೂ ಪೋಷಕ. 2022ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟ ಈ ಬಳಕೆಯನ್ನೂ ನಿಲ್ಲಿಸಿತು. ಪದಕ್ಕೆ ಪದ ಇಟ್ಟ ಅನುವಾದದಂತೆ, ಪುಡಿಗೆ ಪುಡಿ ಇಟ್ಟ ಪರ್ಯಾಯವೂ ಹೀಗೆ ಕೈಕೊಡುತ್ತದೆ.

ಹಿತ್ತಿಲಿನ ಹಂದಿ

ಮೇಲಿನ ದಾರಿಗಳೆಲ್ಲ ಹೆಚ್ಚಾಗಿ ದೊಡ್ಡ ಕೇಂದ್ರಗಳಲ್ಲಿ ರೂಪುಗೊಂಡವು. ನಾಲ್ಕಾರು ಹಂದಿ ಸಾಕುವ ಮನೆಗೆ ಅವು ಹಾಗೆಯೇ ಒಗ್ಗುವುದಿಲ್ಲ. ಬಯಲಲ್ಲಿ ಮಣ್ಣು ಕೆದಕುವ ಮರಿಗೆ ಆ ಮಣ್ಣಿನಿಂದಲೇ ಕಬ್ಬಿಣ ದೊರೆಯುತ್ತದೆ. ಸಿಮೆಂಟು ನೆಲದ ಗೂಡಿನ ಮರಿಗೆ ತಾಯಿಯ ಹಾಲಿನ ಕಬ್ಬಿಣ ಸಾಲದು, ರಕ್ತಹೀನತೆಯಾಗಿ ಬಡವಾಗುತ್ತದೆ. ಆದ್ದರಿಂದ ಮೊದಲ ವಾರದಲ್ಲಿ ಕಬ್ಬಿಣದ ಚುಚ್ಚುಮದ್ದು ಹಾಕಿಸುತ್ತಾರೆ. ಬಯಲಿನ ಮರಿಗೆ ಆ ಲಾಭವಿದ್ದರೂ ಹುಳು, ಕೊಳಕು, ರೋಗಗಳ ಭಯವಿದೆ. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದರಿಂದ ಪ್ರಯೋಜನವಿಲ್ಲ.

ಈ ಸೀಮೆಯಲ್ಲಿ ದೊರೆಯುವ ತಿನಿಸುಗಳನ್ನು ನೋಡಬಹುದು. ರಾಗಿ, ಜೋಳ, ತೌಡು ಇವೆ. ಅನಂತಪುರ ಸೀಮೆ ಕಡಲೆಕಾಯಿಗೆ ಹೆಸರಾದದ್ದು. ಕಡಲೆಕಾಯಿ ಹಿಂಡಿ ಒಳ್ಳೆಯ ಪ್ರೋಟೀನ್ ಮೂಲ. ಆದರೆ ತೇವ ತಗುಲಿ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ನಂಜು ಹುಟ್ಟಿ ಯಕೃತ್ತನ್ನು ಕೆಡಿಸುತ್ತದೆ, ರೋಗ ತಡೆಯುವ ಶಕ್ತಿಯನ್ನು ಕುಂದಿಸುತ್ತದೆ. ಹಿಪ್ಪುನೇರಳೆ ಬೆಳೆಯುವ ಮಡಕಶಿರ–ಹಿಂದೂಪುರದ ಕಡೆ ರೇಷ್ಮೆಗೂಡೂ ಇದೆ. ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪ ಪ್ರೋಟೀನಿನಿಂದ ತುಂಬಿದ್ದು, ಒಣಗಿಸಿ ಪುಡಿಮಾಡಿದರೆ ತಿನಿಸಿನಲ್ಲಿ ಸೇರಿಸಬಹುದು. ಮನೆ, ಹೋಟೆಲುಗಳ ಮುಸುರೆ, ಕಲಗಚ್ಚುಗಳಂತೂ ಹಂದಿಯ ಹಳೆಯ ಊಟ.

ಆ ಮುಸುರೆಯನ್ನು ಕುದಿಸದೆ ಕೊಡಬಾರದು. 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಹರಡುವ ದಾರಿಗಳಲ್ಲಿ, ಮಾಂಸದ ತುಣುಕು ಸೇರಿದ ಹಸಿ ಮುಸುರೆಯೂ ಒಂದು. ಅದು ವೈರಸ್ಸಿನ ರೋಗ. ಆ್ಯಂಟಿಬಯಾಟಿಕ್ ಅದನ್ನು ಮುಟ್ಟುವುದೂ ಇಲ್ಲ. ಹುಳಿಯಾಗಲಿ, ಓಮವಾಗಲಿ ತಡೆಯುವುದೂ ಇಲ್ಲ. ಹಳೆಯ ಹಂದಿಜ್ವರಕ್ಕೆ ಲಸಿಕೆ ಇದೆ, ಅದನ್ನು ಹಾಕಿಸಲೇಬೇಕು. ತಿನಿಸು ಎಲ್ಲ ರೋಗಕ್ಕೂ ಉತ್ತರವಲ್ಲ. ಕರುಳಿನ ಬಾಗಿಲಿನಿಂದ ಬರುವ ಬ್ಯಾಕ್ಟೀರಿಯಾ ರೋಗಗಳಿಗೆ ಅದು ಕಾವಲು.

ಮಾತಿನ ಕೆಲಸ

ಈಗ ಕನ್ನಡ ವಿದ್ಯಾರ್ಥಿಯ ಪಾಲಿಗೆ ಬರುವ ಕೆಲಸವನ್ನು ನೋಡಬೇಕು. ‘ಹಾಲೂಡಿಕೆ ಸ್ಥಗಿತೋತ್ತರ ಅವಧಿಯಲ್ಲಿ ಆಹಾರ ಪೂರಕವಾಗಿ ಆಮ್ಲೀಕಾರಕಗಳ ಸೇರ್ಪಡೆಯು ಪ್ರತಿಜೈವಿಕ ಅವಲಂಬನೆಯನ್ನು ಕುಂಠಿತಗೊಳಿಸುವುದು’ ಎಂದು ಬರೆದರೆ ಅದು ವ್ಯಾಕರಣಕ್ಕೆ ಸರಿ, ಓದುವವನಿಗೆ ಗೋಡೆ. ‘ಮರಿ ತಾಯಿಯ ಹಾಲು ಬಿಟ್ಟ ಮೊದಲ ಎರಡು ವಾರ ತಿನಿಸಿಗೆ ಹುಳಿ ಬೆರೆಸಿ ಕೊಟ್ಟರೆ ಭೇದಿ ಕಡಿಮೆ, ಮದ್ದಿನ ಖರ್ಚೂ ಕಡಿಮೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಎರಡನೆಯ ವಾಕ್ಯ ಚೆನ್ನಾಗಿದೆ ಎಂದು ಅಲ್ಲಿಗೇ ನಿಲ್ಲಿಸಬಾರದು, ಅದರಲ್ಲಿಯೂ ಅಪಾಯವಿದೆ. ‘ಹುಳಿ’ ಎಂದರೆ ಈ ಸೀಮೆಯಲ್ಲಿ ಹುಣಸೆಹಣ್ಣು ಎಂದೂ ಅರ್ಥ. ಹಿಂದೂಪುರದ ಹುಣಸೆ ಮಾರುಕಟ್ಟೆಗೆ ಹಣ್ಣು ಒಯ್ಯುವ ರೈತ ಆ ವಾಕ್ಯವನ್ನು ಓದಿ ಮನೆಯ ಹುಣಸೆಯನ್ನು ಕಿವುಚಿ ಸುರಿದರೆ ತಪ್ಪು ಅವನದಲ್ಲ, ಬರೆದವನದು. ಯಾವ ಆಮ್ಲ, ಕಿಲೊ ತಿನಿಸಿಗೆ ಎಷ್ಟು, ಎಷ್ಟು ದಿನ, ಯಾರನ್ನು ಕೇಳಿ ಎಂಬುದು ಆ ವಾಕ್ಯದ ಪಕ್ಕದಲ್ಲಿಯೇ ಇರಬೇಕು.

‘ಮದ್ದು’ ಎಂಬ ಪದವೂ ಹಾಗೆಯೇ. ಕನ್ನಡದಲ್ಲಿ ಅದು ಔಷಧ. ‘ಮದ್ದು ಹಾಕಿದರು’ ಎಂದರೆ ವಿಷ. ಕೋವಿಯೊಳಗಿದ್ದರೆ ಸಿಡಿಯುವ ಪುಡಿ. ತೆಲುಗಿನ ‘ಮಂದು’ ಔಷಧವೂ ಹೌದು, ಸಾರಾಯಿಯೂ ಹೌದು. ‘ಮದ್ದು ನಿಲ್ಲಿಸಿ’ ಎಂದು ಮಾತ್ರ ಬರೆದರೆ, ಭೇದಿಯಿಂದ ನರಳುವ ಮರಿಗೆ ಪಶುವೈದ್ಯರು ಬರೆದ ಔಷಧವನ್ನೂ ನಿಲ್ಲಿಸುವವರಿದ್ದಾರೆ. ರೋಗ ಬಂದ ಪ್ರಾಣಿಗೆ ವೈದ್ಯರು ಹೇಳಿದ ಆ್ಯಂಟಿಬಯಾಟಿಕ್ಕನ್ನು ಹೇಳಿದಷ್ಟು ದಿನ ಕೊಡಲೇಬೇಕು. ನಿಲ್ಲಬೇಕಾದದ್ದು ರೋಗವಿಲ್ಲದ ಹಿಂಡಿಗೆಲ್ಲ ದಿನವೂ ಬೆರೆಸುವ ಮದ್ದು. ಈ ವ್ಯತ್ಯಾಸ ಒಂದು ವಿಶೇಷಣದಲ್ಲಿ ನಿಂತಿದೆ. ಆ ವಿಶೇಷಣ ಬಿಟ್ಟುಹೋದರೆ ಒಂದು ಸೂಲಿನ ಮರಿಗಳು ಸಾಯಬಹುದು.

ಉಪಸಂಹಾರ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕನ್ನಡಿಗರೆಲ್ಲ ಬಲ್ಲರು. ಅದರ ಮೊದಲರ್ಧ ಪಶುವಿಜ್ಞಾನಿಗೆ, ಎರಡನೆಯದು ಭಾಷೆಯ ವಿದ್ಯಾರ್ಥಿಗೆ ಎಂದು ಹಂಚಿಬಿಡುವುದು ಸುಲಭ. ಈ ವಿಷಯದಲ್ಲಿ ಅವೆರಡೂ ಒಂದೇ ಕೆಲಸದ ಎರಡು ಕೈಗಳು. ಮರಿಗೆ ಯಾವ ಊಟ ಎಂಬುದನ್ನು ವಿಜ್ಞಾನ ಕಂಡುಕೊಂಡರೂ, ಅದು ಸರಿಯಾದ ಮಾತಾಗಿ ಹಂದಿ ಸಾಕುವವರ ಮನೆಯನ್ನು ಮುಟ್ಟದಿದ್ದರೆ ಮರಿ ಉಳಿಯದು. ಗೋವೈದ್ಯವನ್ನು ಕನ್ನಡದಲ್ಲಿ ಬರೆದ ಪರಂಪರೆಯ ವಾರಸುದಾರರಿಗೆ ಹಂದಿಯ ವೈದ್ಯವನ್ನು ಬರೆಯುವ ಕೆಲಸ ಉಳಿದುಕೊಂಡಿದೆ.

ಪದಪರಿಚಯ

ಗಿಣ್ಣುಹಾಲು: ಈದ ಕೂಡಲೆ ಬರುವ ಮಂದವಾದ ಹಾಲು.
ಸೂಲು: ಒಂದು ಬಾರಿಯ ಹೆರಿಗೆ, ಅದರಲ್ಲಿ ಹುಟ್ಟಿದ ಮರಿಗಳು.
ಮುಸುರೆ: ಉಂಡು ಉಳಿದ ಎಂಜಲು ಆಹಾರ ಮತ್ತು ಪಾತ್ರೆ ತೊಳೆದ ನೀರು.
ಕಲಗಚ್ಚು: ಅಕ್ಕಿ, ಬೇಳೆ ತೊಳೆದ ನೀರು.
ಹಿಂಡಿ: ಎಣ್ಣೆ ತೆಗೆದ ಮೇಲೆ ಉಳಿಯುವ ಬೀಜದ ಗಟ್ಟಿ ಭಾಗ.
ಪ್ರತಿಜೈವಿಕ: ಆ್ಯಂಟಿಬಯಾಟಿಕ್. ಮರಾಠಿಯಲ್ಲೂ ಇದೇ ರೂಪ ರೂಢಿಯಲ್ಲಿದೆ. ಕನ್ನಡದಲ್ಲಿ ‘ಪ್ರತಿಜೀವಕ’ ಎಂಬ ರೂಪವೂ ಇದೆ.

ಅಭ್ಯಾಸ

1. ‘ಪರ್ಯಾಯ’ ಎಂಬ ಶಬ್ದಕ್ಕೆ ನಿಘಂಟಿನಲ್ಲಿಯೂ ಪಶುಪಾಲನೆಯ ಬರಹದಲ್ಲಿಯೂ ಇರುವ ಅರ್ಥಭೇದವನ್ನು ಪಾಠದ ಉದಾಹರಣೆಗಳೊಡನೆ ವಿವರಿಸಿರಿ.
2. ಹಾಲು ಬಿಟ್ಟ ವಾರದಲ್ಲಿ ಹಂದಿಮರಿಗೆ ಭೇದಿಯಾಗುವ ಕಾರಣಗಳನ್ನು ಪಾರಿಭಾಷಿಕ ಪದಗಳಿಲ್ಲದೆ ಹತ್ತು ವಾಕ್ಯಗಳಲ್ಲಿ ಬರೆಯಿರಿ.
3. ಪಕಾರ ಹಕಾರವಾದ ಐದು ಶಬ್ದಗಳನ್ನು ಬರೆದು, ಅವುಗಳ ತೆಲುಗು ರೂಪಗಳನ್ನು ಸಂಗ್ರಹಿಸಿರಿ.
4. ನಿಮ್ಮ ಊರಿನ ಔಷಧದ ಅಂಗಡಿಯಲ್ಲಿ ದೊರೆಯುವ ಯಾವುದಾದರೂ ಒಂದು ಪಶು ಆಹಾರದ ಚೀಲದ ಮೇಲಿನ ಸೂಚನೆಯನ್ನು ಕನ್ನಡಕ್ಕೆ ತಂದು, ಅದನ್ನು ಪ್ರಾಣಿ ಸಾಕುವ ಒಬ್ಬರಿಗೆ ಓದಿ ಹೇಳಿರಿ. ಅವರು ಯಾವ ಪದದಲ್ಲಿ ತಡೆದು ಪ್ರಶ್ನೆ ಕೇಳಿದರೋ ಆ ಪದವನ್ನು ತಿದ್ದಿ ಮತ್ತೆ ಬರೆಯಿರಿ.